ಕ್ಯಾಲೆಯಲ್ಲಿ ದೋಣಿ ಅಡ್ಡ ನಿಂತರೆ ಇಂಗ್ಲೆಂಡಿನಲ್ಲಿ ಲಾರಿ ಯಾಕೆ ನಿಲ್ಲುತ್ತದೆ?

ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಪ್ರತಿಭಟನೆ, ಇಂಗ್ಲೆಂಡಿನ ಹೆದ್ದಾರಿಯಲ್ಲಿ ಮೈಲುಗಟ್ಟಲೆ ಲಾರಿ ಸಾಲು. ಈ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಂದು ಸಲ ಮೀನುಗಾರರು, ಇನ್ನೊಂದು ಸಲ ಹಡಗಿನ ನೌಕರರು, ಮತ್ತೊಂದು ಸಲ ರೈತರು ಮತ್ತು ಲಾರಿಯವರು. ಬೇಡಿಕೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಮ್ಮೆ ಮೀನಿನ ಕೋಟಾ (ಇಷ್ಟೇ ಹಿಡಿಯಬೇಕೆಂಬ ಮಿತಿ), ಒಮ್ಮೆ ಕೆಲಸ ಹೋದ ಸಿಟ್ಟು, ಒಮ್ಮೆ ಊರ ಪಕ್ಕದ ವಲಸಿಗರ ಶಿಬಿರ. ಬದಲಾಗದೇ ಇರುವುದು ಜಾಗ ಮಾತ್ರ.

ಓದುವವರಿಗೆ ಗೊಂದಲವಾಗುವುದು ಸಹಜ. ಜಗಳ ಸರ್ಕಾರದ ಜೊತೆ, ಸಿಕ್ಕಿಹಾಕಿಕೊಳ್ಳುವವರು ರಜೆಗೆ ಹೊರಟ ಕುಟುಂಬಗಳು. ಹತ್ತಿಪ್ಪತ್ತು ದೋಣಿಗಳು ಸೇರಿ ಎರಡು ದೇಶಗಳ ನಡುವಿನ ಸಂಚಾರ ನಿಲ್ಲಿಸಬಹುದೆಂದರೆ, ಪೊಲೀಸರು ಏನು ಮಾಡುತ್ತಿದ್ದಾರೆ? ಇಷ್ಟಕ್ಕೂ ಹೀಗೆ ತಡೆದವರಿಗೆ ಏನಾದರೂ ಸಿಗುತ್ತದಾ?

ಪ್ರತಿಭಟನಾಕಾರರು ಎಷ್ಟು ಜನ, ಎಷ್ಟು ಒರಟರು ಎಂಬುದನ್ನು ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆ ದಾರಿ ಎಷ್ಟು ಇಕ್ಕಟ್ಟಾಗಿದೆ ಎಂಬುದನ್ನು ನೋಡಬೇಕು.

ಇಕ್ಕಟ್ಟು ಎಲ್ಲಿದೆ

ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ನಡುವೆ ಸಮುದ್ರ ತೀರಾ ಕಿರಿದು. ಇಂಗ್ಲಿಷ್ ಕಡಲ್ಗಾಲುವೆ ಎನ್ನುವ ಈ ಸಮುದ್ರದ ಅತಿ ಕಿರಿದಾದ ಜಾಗದಲ್ಲಿ ಸುಮಾರು 33 ಕಿ.ಮೀ. ಅಷ್ಟೇ. ಫೆರಿ ಹಡಗು ಒಂದೂವರೆ ಗಂಟೆಯಲ್ಲಿ ದಾಟಿಸುತ್ತದೆ. 1994ರಲ್ಲಿ ಶುರುವಾದ, ಸಮುದ್ರದಡಿಯ ಸುರಂಗದಲ್ಲಿ ಓಡುವ ರೈಲು ಕಾರು, ಲಾರಿಗಳನ್ನು ಹೊತ್ತು ಸುಮಾರು 35 ನಿಮಿಷದಲ್ಲಿ ಆಚೆ ದಡ ಸೇರಿಸುತ್ತದೆ. ದೂರ ಕಡಿಮೆ, ಖರ್ಚು ಕಡಿಮೆ, ಹಡಗುಗಳೂ ಜಾಸ್ತಿ. ಹಾಗಾಗಿ ಎಲ್ಲರಿಗೂ ಇದೇ ದಾರಿ ಬೇಕು. ಬಿಡುವಿಲ್ಲದ ದಿನಗಳಲ್ಲಿ ಡೋವರ್ ಬಂದರೊಂದರಲ್ಲೇ ಎರಡೂ ದಿಕ್ಕಿನಿಂದ ಸೇರಿ ಹತ್ತು ಸಾವಿರದವರೆಗೆ ಲಾರಿಗಳು ದಾಟುತ್ತವೆ.

ಗಮನಿಸಬೇಕಾದ್ದು ಏನೆಂದರೆ, ಹಡಗು ಮತ್ತು ಸುರಂಗ ಎರಡು ಬೇರೆ ದಾರಿಗಳಂತೆ ಕಂಡರೂ ನೆಲದ ಮೇಲೆ ಅಕ್ಕಪಕ್ಕದಲ್ಲೇ ಇವೆ. ಕ್ಯಾಲೆ ಬಂದರಿಗೂ ಸುರಂಗದ ಬಾಯಿಗೂ ನಡುವೆ ಕೆಲವೇ ಕಿಲೋಮೀಟರ್. ಎರಡಕ್ಕೂ ಹೋಗುವುದು ಎ16 ಹೆದ್ದಾರಿಯಿಂದ. ಇಂಗ್ಲೆಂಡಿನ ಕಡೆಯೂ ಎಂ20 ಹೆದ್ದಾರಿಯೇ ಎರಡಕ್ಕೂ ಮುಖ್ಯ ದಾರಿ. ಅಂದರೆ ಒಂದು ಕಡೆ ತಡೆ ಬಿದ್ದರೆ ಸಂಚಾರವೆಲ್ಲ ಇನ್ನೊಂದರ ಮೇಲೆ ಬೀಳುತ್ತದೆ. ರಸ್ತೆಯನ್ನೇ ತಡೆದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಕಾವೇರಿ ಗಲಾಟೆ ಜೋರಾದಾಗ ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತಡೆಯುತ್ತಾರಲ್ಲ, ಇಲ್ಲಿನ ಲೆಕ್ಕಾಚಾರವೂ ಅದೇ. ಸರ್ಕಾರ ಕೂತಿರುವುದು ದೂರದಲ್ಲಿ, ಆದರೆ ಅದಕ್ಕೆ ಬಿಸಿ ಮುಟ್ಟಿಸುವ ರಸ್ತೆ ಊರ ಮುಂದೆಯೇ ಹಾದುಹೋಗುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ಮಂಡ್ಯದಲ್ಲಿ ತಡೆದರೆ ಕನಕಪುರದ ಕಡೆಯಿಂದಲೋ ಕುಣಿಗಲ್ ಕಡೆಯಿಂದಲೋ ಸುತ್ತಿಕೊಂಡು ಮೈಸೂರು ಸೇರಬಹುದು. ಕ್ಯಾಲೆಯಲ್ಲಿ ಸುತ್ತು ದಾರಿ ಎಂದರೆ ಪೋರ್ಟ್ಸ್‌ಮತ್‌ನಿಂದ ನಾರ್ಮಂಡಿಗೆ, ಇಲ್ಲವೇ ಹಾರಿಚ್‌ನಿಂದ ನೆದರ್ಲೆಂಡ್ಸ್‌ಗೆ ಗಂಟೆಗಟ್ಟಲೆ ಸಮುದ್ರ ಪ್ರಯಾಣ. ಅಲ್ಲಿ ದಿನಕ್ಕೆ ಹೊರಡುವ ಹಡಗುಗಳು ಬೆರಳೆಣಿಕೆಯಷ್ಟು. ಡೋವರ್‌ನ ಲಾರಿಗಳೆಲ್ಲ ಅತ್ತ ತಿರುಗಿದರೆ ಅಲ್ಲಿ ಜಾಗವೇ ಇರುವುದಿಲ್ಲ.

ಆರು ಗಂಟೆ ತಡೆ, ಎರಡೂವರೆ ದಿನದ ಫಜೀತಿ

ಬೆಳಿಗ್ಗೆ ತಡೆದು ಮಧ್ಯಾಹ್ನ ಬಿಟ್ಟರು, ಆದರೂ ಮೂರನೇ ದಿನದವರೆಗೆ ಜನ ಪರದಾಡುತ್ತಿದ್ದಾರೆ ಎಂದರೆ ಯಾಕೆಂದು ಹಲವರಿಗೆ ಅರ್ಥವಾಗುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

ಬಿಡುವಿಲ್ಲದ ದಿನ ಒಂದು ದಿಕ್ಕಿನಲ್ಲಿ 5,000 ಲಾರಿ ಎಂದರೆ ಗಂಟೆಗೆ ಸರಿಸುಮಾರು 200. ಆರು ಗಂಟೆ ದಾರಿ ಮುಚ್ಚಿದರೆ 1,200 ಲಾರಿ ನಿಂತವು. ಒಂದು ದೊಡ್ಡ ಲಾರಿ ಹದಿನಾರೂವರೆ ಮೀಟರ್ ಉದ್ದ. ನಡುವಿನ ಅಂತರ ಸೇರಿಸಿದರೆ ಒಂದೇ ಸಾಲಿನಲ್ಲಿ 20 ಕಿ.ಮೀ.ಗೂ ಜಾಸ್ತಿ. ಈಗ ತಡೆ ತೆರವಾಯಿತು ಎಂದುಕೊಳ್ಳಿ. ಹೊಸ ಲಾರಿಗಳು ಬರುವುದು ನಿಲ್ಲುವುದಿಲ್ಲ, ಮತ್ತೆ ಗಂಟೆಗೆ 200 ಬರುತ್ತವೆ. ಹಡಗುಗಳು ಹೇಗೋ ಹೊಂದಿಸಿಕೊಂಡು ನೂರಕ್ಕೆ ಹತ್ತರಷ್ಟು ಹೆಚ್ಚು ಹೊತ್ತೊಯ್ದವು ಎಂದರೂ ಹಳೆಯ ಸಾಲಿನಿಂದ ಗಂಟೆಗೆ 20 ಲಾರಿ ಮಾತ್ರ ಕರಗುತ್ತವೆ. 1,200 ಕರಗಲು 60 ಗಂಟೆ ಬೇಕು. ಎರಡೂವರೆ ದಿನ!

ನಿಜದಲ್ಲಿ ಲೆಕ್ಕ ಇಷ್ಟು ಸಲೀಸಾಗಿರುವುದಿಲ್ಲ. ರಾತ್ರಿ ಲಾರಿ ಕಡಿಮೆಯಾದರೆ ಬೇಗ ಕರಗಬಹುದು, ಗಾಳಿ ಎದ್ದರೆ ಇನ್ನೂ ಹದಗೆಡಬಹುದು. ಆದರೆ ವಿಷಯ ಅರ್ಥವಾಯಿತಲ್ಲ? ತೊಂದರೆ ಎಷ್ಟು ದಿನ ಉಳಿಯುತ್ತದೆ ಎಂಬುದು ತಡೆ ಎಷ್ಟು ಹೊತ್ತು ಇತ್ತು ಎನ್ನುವುದಕ್ಕಿಂತ, ಹಡಗುಗಳಲ್ಲಿ ಖಾಲಿ ಜಾಗ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ.

ಚಾಲಕರ ಕೆಲಸದ ಗಂಟೆಯ ನಿಯಮವೂ ಇದಕ್ಕೆ ಸೇರುತ್ತದೆ. ಯುರೋಪಿನಲ್ಲಿ ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಸಾಲಿನಲ್ಲಿ ಹತ್ತಡಿ, ಇಪ್ಪತ್ತಡಿ ಮುಂದೆ ಸರಿಯುತ್ತಾ ಇದ್ದರೆ ಅದು ವಿಶ್ರಾಂತಿಯೂ ಅಲ್ಲ, ಪ್ರಯಾಣವೂ ಅಲ್ಲ. ಕೊನೆಗೆ ದಡ ದಾಟಿದಾಗ ಅವನ ಗಂಟೆಗಳು ಮುಗಿದಿರುತ್ತವೆ. ಒಳಗಿರುವುದು ಮೀನೋ ಹೂವೋ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯಿತು.

ಸಾಲು ಹೀಗೆ ಬೆಳೆದಾಗ ಕೆಂಟ್ ಜಿಲ್ಲೆಯ ಪೊಲೀಸರು ಎಂ20 ಹೆದ್ದಾರಿಯ ಒಂದು ಭಾಗವನ್ನೇ ಲಾರಿ ನಿಲ್ದಾಣ ಮಾಡಿಬಿಡುತ್ತಿದ್ದರು. ಇದಕ್ಕೆ ‘ಆಪರೇಷನ್ ಸ್ಟ್ಯಾಕ್’ ಎಂದು ಹೆಸರು. ಈಗ ‘ಆಪರೇಷನ್ ಬ್ರಾಕ್’ ಬಂದಿದೆ. ರಸ್ತೆಯ ನಡುವೆ ಸರಿಸಬಹುದಾದ ತಡೆಗೋಡೆ ಹಾಕಿ ಒಂದು ಬದಿಯಲ್ಲಿ ಲಾರಿ ನಿಲ್ಲಿಸುತ್ತಾರೆ, ಇನ್ನೊಂದು ಬದಿಯಲ್ಲಿ ಎರಡೂ ದಿಕ್ಕಿನ ವಾಹನ ಬಿಡುತ್ತಾರೆ. ಫ್ರಾನ್ಸಿನ ಜಗಳದ ಬಗ್ಗೆ ಏನೂ ಗೊತ್ತಿಲ್ಲದ ಆಶ್‌ಫರ್ಡ್, ಮೇಡ್‌ಸ್ಟನ್ ಊರಿನವರು ಮಕ್ಕಳನ್ನು ಶಾಲೆಗೆ ಬಿಡಲೂ ಹಳ್ಳಿ ರಸ್ತೆ ಹಿಡಿಯಬೇಕಾಗುತ್ತದೆ.

ಎರಡು ದಿನ ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದು 2020ರ ಡಿಸೆಂಬರ್‌ನಲ್ಲಿ ಚೆನ್ನಾಗಿಯೇ ಗೊತ್ತಾಯಿತು. ಅದು ಪ್ರತಿಭಟನೆ ಅಲ್ಲ. ಕೊರೊನಾದ ಹೊಸ ತಳಿಗೆ ಹೆದರಿ ಫ್ರಾನ್ಸ್ 48 ಗಂಟೆ ಗಡಿ ಮುಚ್ಚಿತು. ಸಾವಿರಾರು ಚಾಲಕರು ಹೆದ್ದಾರಿಯಲ್ಲೂ, ಮ್ಯಾನ್‌ಸ್ಟನ್ ಎಂಬ ಹಳೆಯ ವಿಮಾನ ನಿಲ್ದಾಣದಲ್ಲೂ ಸಿಕ್ಕಿಬಿದ್ದರು. ಎಷ್ಟೋ ಮಂದಿ ಕ್ರಿಸ್‌ಮಸ್ ಹಬ್ಬವನ್ನು ಲಾರಿಯಲ್ಲೇ ಕಳೆದರು. ಗ್ರೇವ್ಸೆಂಡ್ ಗುರುದ್ವಾರದ ಅಡುಗೆಮನೆಯಲ್ಲಿ ಸಿಖ್ ಸ್ವಯಂಸೇವಕರು ಕಡಲೆಕಾಳಿನ ಸಾರು ಮಾಡಿ ಅವರಿಗೆ ತಲುಪಿಸಿದರು.

ಯಾರು ನಿಲ್ಲಿಸಿದರು ಎಂಬುದು ಮುಖ್ಯ

ಸುದ್ದಿಯಲ್ಲಿ ಎಲ್ಲವನ್ನೂ ‘ಬಂದರು ಮುಷ್ಕರ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಒಳಗೆ ಮೂರು ಬೇರೆ ಸಂಗತಿಗಳಿವೆ.

ಒಂದು, ಹಡಗಿನ ಅಥವಾ ಬಂದರಿನ ನೌಕರರೇ ಕೆಲಸ ನಿಲ್ಲಿಸುವುದು. ಇದು ಮಾಲೀಕ ಮತ್ತು ನೌಕರರ ಜಗಳ. ಎದುರಿಗೆ ಮಾತಾಡಲು ಒಬ್ಬರು ಇರುತ್ತಾರೆ. ಎರಡು, ಹೊರಗಿನವರು ಬಂದು ದಾರಿ ತಡೆಯುವುದು. ಹಡಗು ಸಿದ್ಧ, ಸಿಬ್ಬಂದಿ ಸಿದ್ಧ, ಹೋಗಲು ಬಿಡುತ್ತಿಲ್ಲ ಅಷ್ಟೇ. ಇಲ್ಲಿ ಹಡಗು ಕಂಪನಿಗೆ ಬೇಡಿಕೆ ಈಡೇರಿಸುವ ಶಕ್ತಿಯೇ ಇರುವುದಿಲ್ಲ. ಮೂರು, ನಿಯಮವನ್ನು ಅಕ್ಷರಶಃ ಪಾಲಿಸಿ ಕೆಲಸ ನಿಧಾನ ಮಾಡುವುದು. 2019ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕಸ್ಟಮ್ಸ್ ಸಿಬ್ಬಂದಿ ಹೀಗೇ ಮಾಡಿದರು. ಬ್ರೆಕ್ಸಿಟ್‌ನಿಂದ ಕೆಲಸ ಹೆಚ್ಚಾಗಲಿದೆ, ಸಂಬಳ ಮತ್ತು ಜನಬಲ ಹೆಚ್ಚಿಸಿ ಎಂಬುದು ಬೇಡಿಕೆ. ಯಾರೂ ಏನನ್ನೂ ತಡೆಯಲಿಲ್ಲ. ಪ್ರತಿ ಕಾಗದವನ್ನೂ ಸಾವಧಾನವಾಗಿ ನೋಡಿದರು. ಸಾಲು ತಾನಾಗಿ ಬೆಳೆಯಿತು.

ಪ್ರಯಾಣಿಕನಿಗೆ ಮೂರೂ ಒಂದೇ ಅನ್ನಿಸಬಹುದು. ಆದರೆ ಯಾವುದು ಬೇಗ ಮುಗಿಯುತ್ತದೆ, ಯಾವುದು ಎಳೆಯುತ್ತದೆ ಎಂಬುದನ್ನು ಊಹಿಸಲು ಈ ವ್ಯತ್ಯಾಸ ಬೇಕು.

2021: ಹತ್ತು ದಿನ ಮೀನು ಹಿಡಿದದ್ದಕ್ಕೆ ಸಾಕ್ಷಿ ಎಲ್ಲಿ?

ಮೀನುಗಾರರ ತಡೆ ಅರ್ಥವಾಗಬೇಕಾದರೆ 2021ರ ಜಗಳವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಾಗ ಆದ ಒಪ್ಪಂದದಲ್ಲಿ ಮೀನಿಗೆ ಸಂಬಂಧಿಸಿದ ಒಂದು ಷರತ್ತು ಇತ್ತು. ಬ್ರಿಟನ್ ತೀರದಿಂದ 6ರಿಂದ 12 ನಾಟಿಕಲ್ ಮೈಲಿ ಒಳಗಿನ ನೀರಿನಲ್ಲಿ ಮೊದಲಿನಿಂದ ಮೀನು ಹಿಡಿಯುತ್ತಿದ್ದ ದೋಣಿಗಳಿಗೆ ಮಾತ್ರ ಪರವಾನಗಿ. 2012ರಿಂದ 2016ರ ನಡುವೆ ಕನಿಷ್ಠ ನಾಲ್ಕು ವರ್ಷ ಅಲ್ಲಿ ಮೀನು ಹಿಡಿದಿರಬೇಕು. ಫ್ರಾನ್ಸ್ ತೀರದ ಹತ್ತಿರವೇ ಇದ್ದರೂ ಬ್ರಿಟನ್ನಿನ ರಕ್ಷಣೆಯಲ್ಲಿರುವ ಜೆರ್ಸಿ ದ್ವೀಪದ ಸುತ್ತಲಿನ ನೀರಿಗೆ ಬೇರೆ ಲೆಕ್ಕ: 2020ರ ಜನವರಿವರೆಗಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಹತ್ತು ದಿನಕ್ಕಿಂತ ಹೆಚ್ಚು ಅಲ್ಲಿ ಬಲೆ ಹಾಕಿರಬೇಕು.

ಕೇಳಲು ನ್ಯಾಯವಾಗಿಯೇ ಇದೆ. ತೊಡಕು ಇದ್ದದ್ದು ಸಾಕ್ಷಿಯಲ್ಲಿ. ದೊಡ್ಡ ದೋಣಿಗಳಲ್ಲಿ ಉಪಗ್ರಹದ ಮೂಲಕ ಜಾಗ ತಿಳಿಸುವ ಯಂತ್ರ ಇರುತ್ತದೆ. ಅವರ ಕೈಯಲ್ಲಿ ದಾಖಲೆ ಇತ್ತು. ಯುರೋಪಿನ ನಿಯಮದಲ್ಲಿ 12 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಆ ಯಂತ್ರ ಕಡ್ಡಾಯವೇ ಆಗಿರಲಿಲ್ಲ. ಅಪ್ಪನ ಕಾಲದಿಂದ ಅದೇ ನೀರಿಗೆ ಹೋಗುತ್ತಿದ್ದವನ ಹತ್ತಿರವೂ ಹೋಗಿದ್ದೆ ಎನ್ನಲು ಕಾಗದ ಇರಲಿಲ್ಲ. ಹಳೆಯ ದೋಣಿ ಮಾರಿ ಹೊಸದು ತೆಗೆದುಕೊಂಡವರಿಗೆ ಇನ್ನೊಂದು ತಲೆನೋವು. ದಾಖಲೆ ಇದ್ದರೂ ಅದು ಹಳೆಯ ದೋಣಿಯ ಹೆಸರಿನಲ್ಲಿತ್ತು.

ಬ್ರಿಟನ್ ಹೇಳಿದ್ದು: ಒಪ್ಪಂದಕ್ಕೆ ನೀವೇ ಸಹಿ ಹಾಕಿದ್ದೀರಿ, ಸಾಕ್ಷಿ ಕೊಟ್ಟವರಿಗೆ ಪರವಾನಗಿ ಕೊಡುತ್ತಿದ್ದೇವೆ. ಫ್ರಾನ್ಸ್ ಹೇಳಿದ್ದು: ಇಲ್ಲದ ಸಾಕ್ಷಿ ಕೇಳುವುದು ಪರವಾನಗಿ ಕೊಡದಿರುವುದಕ್ಕೆ ಒಂದು ನೆಪ. ಎರಡೂ ಮಾತಿನಲ್ಲಿ ಸತ್ಯ ಇತ್ತು. ಸಣ್ಣ ದೋಣಿಯವನಿಗೆ ಮಾತ್ರ ಎರಡರಿಂದಲೂ ಪ್ರಯೋಜನ ಇರಲಿಲ್ಲ.

ಜೆರ್ಸಿ ಕೊಟ್ಟ ಮೊದಲ ಪರವಾನಗಿಗಳಲ್ಲಿ ಇಷ್ಟೇ ದಿನ, ಇಂಥದೇ ಬಲೆ ಎಂಬ ಷರತ್ತುಗಳು ಕಂಡವು. ಅದರ ಬೆನ್ನಿಗೇ 2021ರ ಮೇ 6ರಂದು ಸುಮಾರು 60 ಫ್ರೆಂಚ್ ದೋಣಿಗಳು ಜೆರ್ಸಿಯ ಸೇಂಟ್ ಹೇಲಿಯರ್ ಬಂದರಿನ ಮುಂದೆ ಜಮಾಯಿಸಿದವು. ಸರಕು ಮತ್ತು ಪ್ರಯಾಣಿಕರ ಹಡಗು ‘ಕಮಡೋರ್ ಗುಡ್‌ವಿಲ್’ ಸ್ವಲ್ಪ ಹೊತ್ತು ಬಂದರಿನೊಳಗೇ ಉಳಿಯಬೇಕಾಯಿತು. ಅದಕ್ಕೆ ಮುಂಚೆ ಫ್ರಾನ್ಸಿನ ಸಚಿವೆಯೊಬ್ಬರು ದ್ವೀಪಕ್ಕೆ ವಿದ್ಯುತ್ ನಿಲ್ಲಿಸುವ ಸುಳಿವು ಕೊಟ್ಟಿದ್ದರು. ಜೆರ್ಸಿಯ ವಿದ್ಯುತ್ತಿನ ಬಹುಪಾಲು ಬರುವುದೇ ಫ್ರಾನ್ಸಿನಿಂದ, ಸಮುದ್ರದಡಿಯ ಕೇಬಲ್‌ಗಳಲ್ಲಿ. ಬ್ರಿಟನ್ ಎರಡು ಗಸ್ತು ನೌಕೆಗಳನ್ನು ಕಳಿಸಿತು. ಏಡಿ, ಸಿಗಡಿ, ಮೃದ್ವಂಗಿಗಳ ಜಗಳಕ್ಕೆ ಯುದ್ಧನೌಕೆ! ಸಂಜೆಯ ಹೊತ್ತಿಗೆ ದೋಣಿಗಳು ವಾಪಸ್ ಹೋದವು.

ನವೆಂಬರ್ 26ರಂದು ಎರಡನೇ ಸುತ್ತು. ಬೆಳಕು ಹರಿಯುವ ಮುಂಚೆ ಫ್ರಾನ್ಸಿನ ಸ್ಯಾಂ ಮಾಲೋ ಬಂದರಿನಲ್ಲಿ ಜೆರ್ಸಿಯಿಂದ ಬಂದ ‘ನಾರ್ಮಂಡಿ ಟ್ರೇಡರ್’ ಎಂಬ ಸಣ್ಣ ಸರಕು ಹಡಗಿಗೆ ದೋಣಿಗಳು ಅಡ್ಡ ನಿಂತವು. ಆಮೇಲೆ ನಾರ್ಮಂಡಿಯ ವಿಸ್ತ್ರೆಆಂ ಬಂದರು. ಮಧ್ಯಾಹ್ನ ಕ್ಯಾಲೆ ಬಂದರಿನ ಬಾಯಿ, ಜೊತೆಗೆ ಸುರಂಗದ ಸರಕು ಟರ್ಮಿನಲ್‌ಗೆ ಹೋಗುವ ರಸ್ತೆ. ಇಲ್ಲಿ ಕೆಂಪು ಹೊಗೆಯ ಬತ್ತಿ ಹಚ್ಚಿ ಓಡಾಡುವ ಮೀನುದೋಣಿ ಪುಟ್ಟದು. ಎದುರಿಗೆ ಬರುವ ಫೆರಿ ಇನ್ನೂರು ಮೀಟರ್‌ಗೂ ಉದ್ದ. ಗುದ್ದಿದರೆ ದೋಣಿಯವನ ಪ್ರಾಣ ಹೋಗುತ್ತದೆ. ಹಾಗಾಗಿ ಯಾವ ಕ್ಯಾಪ್ಟನ್ನೂ ನುಗ್ಗುವುದಿಲ್ಲ. ದೋಣಿ ಎಷ್ಟು ಚಿಕ್ಕದೋ ಅಷ್ಟು ಬಲ ಅದಕ್ಕೆ.

ಅಂದಿನ ಪ್ರತಿಭಟನೆಯನ್ನು ಮೊದಲೇ ಸಾರಲಾಗಿತ್ತು. ಒಂದೊಂದು ಕಡೆಯೂ ಕೆಲವೇ ಗಂಟೆ, ಸಾಂಕೇತಿಕವಾಗಿ. ಇದು ಎಚ್ಚರಿಕೆ ಮಾತ್ರ ಎಂದು ಮೀನುಗಾರರ ಸಂಘಟನೆ ಹೇಳಿತ್ತು. ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಜೆರ್ಸಿ ಇನ್ನಷ್ಟು ಪರವಾನಗಿ ಕೊಟ್ಟವು. ತಡೆಯಿಂದಲೇ ಬಂತು ಎನ್ನುವಂತಿಲ್ಲ, ಯುರೋಪಿಯನ್ ಆಯೋಗದ ಮಾತುಕತೆಯೂ ನಡೆಯುತ್ತಿತ್ತು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಫ್ರಾನ್ಸಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಬೂಲೋನ್. ಅದು ಕ್ಯಾಲೆಗೆ ಹತ್ತಿರದಲ್ಲೇ ಇದೆ. ಮೀನುಗಾರರು ಅಲ್ಲಿಯವರೇ. ಆದರೂ ತಡೆಯಲು ಕ್ಯಾಲೆಗೆ ಯಾಕೆ ಬರುತ್ತಾರೆ? ತಮ್ಮ ಬಂದರನ್ನೇ ಮುಚ್ಚಿದರೆ ತಮ್ಮದೇ ಮೀನು ಕೊಳೆಯುತ್ತದೆ, ಪ್ಯಾರಿಸ್‌ಗೆ ಬಿಸಿ ತಟ್ಟುವುದಿಲ್ಲ. ಕ್ಯಾಲೆ ಮುಚ್ಚಿದರೆ ಸಂಜೆಯೊಳಗೆ ಲಂಡನ್ನಿನ ಟಿವಿಯಲ್ಲಿ ಬರುತ್ತದೆ.

2015: ಹಡಗು ಹೋಯಿತು, ಕೆಲಸವೂ ಹೋಯಿತು

ನೌಕರರ ಜಗಳ ಹೇಗೆ ತಡೆಯಾಗುತ್ತದೆ ಎಂಬುದಕ್ಕೆ 2015ರ ಬೇಸಿಗೆಯೇ ಉದಾಹರಣೆ. ಸೀಫ್ರಾನ್ಸ್ ಎಂಬ ಫೆರಿ ಕಂಪನಿ 2012ರಲ್ಲಿ ಮುಚ್ಚಿತು. ಸುರಂಗ ನಡೆಸುವ ಯೂರೋಟನಲ್ ಅದರ ಮೂರು ಹಡಗು ಕೊಂಡಿತು. ಹಳೆಯ ನೌಕರರು ಸಹಕಾರ ಸಂಘ ಕಟ್ಟಿಕೊಂಡು ‘ಮೈಫೆರಿಲಿಂಕ್’ ಹೆಸರಿನಲ್ಲಿ ಆ ಹಡಗುಗಳನ್ನು ಓಡಿಸಿದರು. ಬ್ರಿಟನ್ನಿನ ಸ್ಪರ್ಧಾ ಆಯೋಗ ತಕರಾರು ತೆಗೆಯಿತು. ಸುರಂಗವೂ ನಿಮ್ಮದೇ ಹಡಗೂ ನಿಮ್ಮದೇ ಆದರೆ ದರ ಏರುತ್ತದೆ ಎಂಬುದು ಅದರ ವಾದ. ವರ್ಷಗಳ ಕಾಲ ಕೋರ್ಟು ಅಲೆದು ಸುಸ್ತಾದ ಯೂರೋಟನಲ್ ಎರಡು ಹಡಗುಗಳನ್ನು ಡಿಎಫ್‌ಡಿಎಸ್ ಎಂಬ ಇನ್ನೊಂದು ಫೆರಿ ಕಂಪನಿಗೆ ಕೊಡಲು ಒಪ್ಪಿತು. ನೂರಾರು ನೌಕರರು ಬೀದಿಗೆ ಬೀಳುವ ಸ್ಥಿತಿ.

ಜೂನ್ 23ರಂದು ಅವರು ಕ್ಯಾಲೆ ಬಂದರು ತಡೆದರು. ಅಷ್ಟಕ್ಕೇ ನಿಲ್ಲದೆ ಸುರಂಗದ ಹಳಿಗಳ ಮೇಲೂ ಟೈರು ಸುಟ್ಟರು. ಸುರಂಗದ ಮೂಲಕ ಲಂಡನ್–ಪ್ಯಾರಿಸ್ ನಡುವೆ ಓಡುವ ಯೂರೋಸ್ಟಾರ್ ರೈಲು ನಿಂತಿತು. ನಿಂತ ಲಾರಿಗಳಿಗೆ ಹತ್ತಿ ಇಂಗ್ಲೆಂಡ್ ಸೇರಲು ಕ್ಯಾಲೆ ಪಕ್ಕದ ಶಿಬಿರದ ವಲಸಿಗರು ಮುಗಿಬಿದ್ದರು. ಜೂನ್, ಜುಲೈ ಪೂರ್ತಿ ಕೆಂಟ್ ರಸ್ತೆಗಳಲ್ಲಿ ಆಪರೇಷನ್ ಸ್ಟ್ಯಾಕ್ ಮತ್ತೆ ಮತ್ತೆ ಜಾರಿಯಾಯಿತು. ನೌಕರರಲ್ಲಿ ಹಲವರಿಗೆ ಡಿಎಫ್‌ಡಿಎಸ್ ಮತ್ತು ಯೂರೋಟನಲ್‌ನಲ್ಲಿ ಕೆಲಸ ಕೊಡುವ ಒಪ್ಪಂದವಾದದ್ದು ಆಗಸ್ಟ್ ಕೊನೆಯಲ್ಲಿ.

ಬ್ರಿಟನ್ ಆಮೇಲೆ ಏನು ಮಾಡಿತು? ಫೋಕ್‌ಸ್ಟನ್ ಹತ್ತಿರ 25 ಕೋಟಿ ಪೌಂಡ್ ವೆಚ್ಚದಲ್ಲಿ ದೊಡ್ಡ ಲಾರಿ ನಿಲ್ದಾಣ ಕಟ್ಟುತ್ತೇವೆ ಎಂದಿತು. ಪರಿಸರ ಪರಿಶೀಲನೆ ಸರಿಯಾಗಿ ಆಗಿಲ್ಲ ಎಂಬ ಕೇಸು ಬಿತ್ತು. 2017ರಲ್ಲಿ ಯೋಜನೆ ಕೈಬಿಟ್ಟರು.

ಕಂಪನಿಯೇ ಹಡಗು ನಿಲ್ಲಿಸಿದ ಉದಾಹರಣೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ. 2022ರ ಮಾರ್ಚ್ 17ರಂದು ಪಿ ಅಂಡ್ ಓ ಎಂಬ ಫೆರಿ ಕಂಪನಿ ಸುಮಾರು 800 ನಾವಿಕರನ್ನು ಒಂದೇ ದಿನ ಕೆಲಸದಿಂದ ತೆಗೆಯಿತು. ಬದಲಿಗೆ ಏಜೆನ್ಸಿ ಸಿಬ್ಬಂದಿ ಬಂದರು. ಸರಾಸರಿ ಕೂಲಿ ಗಂಟೆಗೆ ಐದೂವರೆ ಪೌಂಡ್ ಎಂದು ಕಂಪನಿಯ ಮುಖ್ಯಸ್ಥರೇ ಸಂಸತ್ ಸಮಿತಿಯ ಮುಂದೆ ಒಪ್ಪಿಕೊಂಡರು. ಆಗ ಬ್ರಿಟನ್ನಿನ ಕನಿಷ್ಠ ಕೂಲಿ 8.91 ಪೌಂಡ್. ಅದರ ಹಡಗುಗಳು ವಾರಗಟ್ಟಲೆ ಓಡಲಿಲ್ಲ. ಈಸ್ಟರ್ ರಜೆಯಲ್ಲಿ ಡೋವರ್ ರಸ್ತೆಗಳು ಮತ್ತೆ ತುಂಬಿಹೋದವು. ಅದನ್ನು ಯಾರೂ ‘ತಡೆ’ ಎಂದು ಕರೆಯಲಿಲ್ಲ.

ತಡೆದವರಿಗೆ ಸಿಕ್ಕಿದ್ದೇನು

2009ರ ಏಪ್ರಿಲ್‌ನಲ್ಲಿ ಕೋಟಾ ವಿರುದ್ಧ ಮೀನುಗಾರರು ಕ್ಯಾಲೆ, ಬೂಲೋನ್, ಡಂಕರ್ಕ್ ಮೂರನ್ನೂ ಮುಚ್ಚಿದರು. ಸರ್ಕಾರ 40 ಲಕ್ಷ ಯೂರೋ ನೆರವು ಮುಂದಿಟ್ಟಿತು. ಕೋಟಾ ಮಾತ್ರ ಬದಲಾಗಲಿಲ್ಲ, ಅದು ಬ್ರಸೆಲ್ಸ್‌ನಲ್ಲಿ, ಅಂದರೆ ಯುರೋಪಿಯನ್ ಒಕ್ಕೂಟದ ಮಟ್ಟದಲ್ಲಿ ತೀರ್ಮಾನವಾಗುವ ವಿಷಯ.

2016ರ ಸೆಪ್ಟೆಂಬರ್ 5ರಂದು ಲಾರಿಯವರು, ರೈತರು, ಅಂಗಡಿಯವರು ಸೇರಿ ಎ16 ಹೆದ್ದಾರಿಯಲ್ಲಿ ಆಮೆ ವೇಗದಲ್ಲಿ ವಾಹನ ಓಡಿಸಿದರು. ‘ಜಂಗಲ್’ ಎಂದು ಹೆಸರಾಗಿದ್ದ ವಲಸಿಗರ ಶಿಬಿರ ತೆರವು ಮಾಡಿ ಎಂಬುದು ಬೇಡಿಕೆ. ಅಕ್ಟೋಬರ್ 24ರಿಂದ ತೆರವು ಶುರುವಾಯಿತು. 2018ರ ಜನವರಿಯಲ್ಲಿ ಮೀನುಗಾರರು ಡಚ್ಚರ ವಿದ್ಯುತ್ ಬಲೆಯ ವಿರುದ್ಧ ಕ್ಯಾಲೆ ತಡೆದರು. ನೀರಿನೊಳಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ತಳದ ಮೀನನ್ನು ಎಬ್ಬಿಸುವ ವಿಧಾನ ಅದು. 2021ರಲ್ಲಿ ಯುರೋಪಿನಲ್ಲಿ ಅದಕ್ಕೆ ಪೂರ್ತಿ ನಿಷೇಧ ಬಂತು.

ಗೆದ್ದರು ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ನಿಧಾನಿಸಿ ನೋಡಿ. ಶಿಬಿರ ತೆರವಿಗೆ ಸರ್ಕಾರ ಆಗಲೇ ಮನಸ್ಸು ಮಾಡಿತ್ತು. ವಿದ್ಯುತ್ ಬಲೆಯ ವಿರುದ್ಧ ಯುರೋಪಿಯನ್ ಸಂಸತ್ತು ಕ್ಯಾಲೆ ತಡೆಗೆ ಕೆಲವು ದಿನ ಮೊದಲೇ ಮತ ಹಾಕಿತ್ತು. ಹೊರಟ ಬಂಡಿಯನ್ನು ತಡೆ ಬೇಗ ಓಡಿಸಬಲ್ಲದು. ನಿಂತ ಬಂಡಿಯನ್ನು ಹೊರಡಿಸುವುದು ಕಷ್ಟ. ಹಾಗಿದ್ದೂ ಜನ ತಡೆಗೆ ಇಳಿಯುತ್ತಾರೆ. ಬೇರೆ ಯಾವ ದಾರಿಯಲ್ಲೂ ಅಷ್ಟು ಬೇಗ ಸಚಿವರ ಫೋನ್ ಬರುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಈ ಪಾಠ ಕಲಿಸಿದ್ದು ಸರ್ಕಾರಗಳೇ.

ಪೊಲೀಸರು ಯಾಕೆ ಎಬ್ಬಿಸುವುದಿಲ್ಲ

ಫ್ರಾನ್ಸಿನಲ್ಲಿ ಕಾನೂನು ಇಲ್ಲವೆಂದಲ್ಲ. ಸಂಚಾರಕ್ಕೆ ಅಡ್ಡಿ ಮಾಡಿದರೆ ಎರಡು ವರ್ಷ ಜೈಲು, 4,500 ಯೂರೋ ದಂಡದವರೆಗೆ ಶಿಕ್ಷೆ ಇದೆ. ಕಾನೂನಿನ ಮೇಲೂ ಯುರೋಪಿನ ನ್ಯಾಯಾಲಯಗಳು ಹಾಕಿದ ಮೂರು ಗೆರೆಗಳಿವೆ.

ಮೊದಲನೆಯದು 1997ರ ತೀರ್ಪು. ಫ್ರಾನ್ಸಿನ ರೈತರು ವರ್ಷಗಳ ಕಾಲ ಸ್ಪೇನ್‌ನಿಂದ ಬರುವ ಸ್ಟ್ರಾಬೆರಿ ಲಾರಿಗಳನ್ನು ತಡೆದು ಹಣ್ಣು ಸುರಿಯುತ್ತಿದ್ದರು. ಪೊಲೀಸರು ನೋಡುತ್ತಾ ನಿಲ್ಲುತ್ತಿದ್ದರು. ಸರಕು ಓಡಾಡುವ ಸ್ವಾತಂತ್ರ್ಯ ಕಾಯುವುದು ಸರ್ಕಾರದ ಹೊಣೆ, ಸುಮ್ಮನಿದ್ದದ್ದು ತಪ್ಪು ಎಂದು ಯುರೋಪಿಯನ್ ನ್ಯಾಯಾಲಯ ಹೇಳಿತು.

ಎರಡನೆಯದು 2003ರದ್ದು. ಆಸ್ಟ್ರಿಯಾದಲ್ಲಿ ಪರಿಸರವಾದಿಗಳು ಬ್ರೆನ್ನರ್ ಹೆದ್ದಾರಿಯನ್ನು ಸುಮಾರು 30 ಗಂಟೆ ಮುಚ್ಚಿದ್ದರು. ಸರಕು ಸಾಗಣೆ ಕಂಪನಿಯೊಂದು ಸರ್ಕಾರದ ಮೇಲೆ ದಾವೆ ಹಾಕಿ ಸೋತಿತು. ಯಾಕೆಂದರೆ ಅಲ್ಲಿ ಮೊದಲೇ ತಿಳಿಸಿದ್ದರು, ಒಂದೇ ಸಲ, ಒಂದೇ ಕಡೆ, ಹಿಂಸೆ ಇಲ್ಲದೆ ನಡೆದಿತ್ತು. ಬೇರೆ ದಾರಿ ಹಿಡಿಯಲು ಚಾಲಕರಿಗೆ ಸಮಯವಿತ್ತು. ಮಾತಾಡುವ, ಸಭೆ ಸೇರುವ ಹಕ್ಕಿಗೆ ನ್ಯಾಯಾಲಯ ಬೆಲೆ ಕೊಟ್ಟಿತು.

ಮಾನವ ಹಕ್ಕುಗಳ ನ್ಯಾಯಾಲಯವೂ 2015ರಲ್ಲಿ ಲಿಥುವೇನಿಯಾದ ರೈತರ ಪ್ರಕರಣದಲ್ಲಿ ಗೆರೆ ಎಳೆಯಿತು. ಅನುಮತಿ ಕೊಟ್ಟ ಜಾಗ ಬಿಟ್ಟು ಹೆದ್ದಾರಿಗಳನ್ನು ಬೇಕೆಂದೇ ಮುಚ್ಚಿದವರಿಗೆ ಶಿಕ್ಷೆ ಕೊಟ್ಟದ್ದು ಹಕ್ಕಿನ ಉಲ್ಲಂಘನೆ ಅಲ್ಲ ಎಂದಿತು.

ಈ ಮೂರನ್ನೂ ಒಟ್ಟಿಗೆ ಇಟ್ಟರೆ 2021ರ ನವೆಂಬರ್ ತಡೆ ಒಂದು ಬದಿಗೆ, 2015ರ ಹಳಿಗಳ ಬೆಂಕಿ ಇನ್ನೊಂದು ಬದಿಗೆ ಬೀಳುತ್ತವೆ ಎಂದು ನನಗನ್ನಿಸುತ್ತದೆ. ಬ್ರಿಟನ್ ಈ ಗೆರೆಯನ್ನು ಇನ್ನೂ ಬಿಗಿ ಮಾಡಿದೆ. 2021ರ ಸೆಪ್ಟೆಂಬರ್‌ನಲ್ಲಿ ಹವಾಮಾನ ಹೋರಾಟಗಾರರು ಡೋವರ್ ರಸ್ತೆಯಲ್ಲಿ ಕೂತಿದ್ದರು. ಬಂದರಿನಂಥ ಮುಖ್ಯ ಸೌಕರ್ಯಗಳಿಗೆ ಅಡ್ಡಿ ಮಾಡುವುದನ್ನೇ 2023ರ ಕಾಯ್ದೆ ಪ್ರತ್ಯೇಕ ಅಪರಾಧ ಮಾಡಿತು. ಆದರೆ ತಡೆ ಕ್ಯಾಲೆಯಲ್ಲಾದರೆ ಬ್ರಿಟನ್ನಿನ ಕಾಯ್ದೆಯಿಂದ ಏನೂ ಆಗದು.

ಬಲ ಬಳಸುವುದೂ ಅಷ್ಟು ಸುಲಭವಲ್ಲ. 2005ರಲ್ಲಿ ಸರ್ಕಾರಿ ಫೆರಿ ಕಂಪನಿಯ ಖಾಸಗೀಕರಣ ವಿರೋಧಿಸಿ ಫ್ರಾನ್ಸಿನ ಕಾರ್ಸಿಕಾ ದ್ವೀಪದ ನಾವಿಕರು ‘ಪಾಸ್ಕಲ್ ಪಾವೊಲಿ’ ಹಡಗನ್ನೇ ತಮ್ಮ ವಶಕ್ಕೆ ತೆಗೆದುಕೊಂಡರು. ಫ್ರಾನ್ಸ್ ಹೆಲಿಕಾಪ್ಟರಿನಿಂದ ಕಮಾಂಡೊಗಳನ್ನು ಇಳಿಸಿ ಹಡಗು ಬಿಡಿಸಿಕೊಂಡಿತು. ಹಡಗು ಸಿಕ್ಕಿತು, ಆದರೆ ದ್ವೀಪದ ಸಿಟ್ಟು ಇನ್ನೂ ಹೆಚ್ಚಾಯಿತು. ಅಂಥ ದ್ವೀಪದಲ್ಲಿ ಬಂದರು ಮುಚ್ಚುವುದೆಂದರೆ ಅಂಗಡಿಯ ಕಪಾಟು ಖಾಲಿಯಾಗುವುದು. ಕ್ಯಾಲೆಗಿಂತ ಅಲ್ಲಿ ನೋವು ಜಾಸ್ತಿ, ಸುದ್ದಿ ಕಡಿಮೆ.

ಮುಂದೆ ಏನಾಗಬಹುದು

ಮೀನಿನ ಜಗಳ ಸದ್ಯಕ್ಕೆ ಆರಬಹುದು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ ಮೀನುಗಾರಿಕೆ ವ್ಯವಸ್ಥೆಯನ್ನು 2038ರ ಜೂನ್ 30ರವರೆಗೆ ವಿಸ್ತರಿಸಲು ಒಪ್ಪಿವೆ. ಫ್ರೆಂಚ್ ಮೀನುಗಾರರಿಗೆ ಇದು ನೆಮ್ಮದಿ, ಬ್ರಿಟನ್ನಿನ ಮೀನುಗಾರರಿಗೆ ಸಿಟ್ಟು. ಇನ್ನು ಮುಂದೆ ತಡೆ ಬಂದರೆ ಆಚೆ ದಡದಿಂದ ಬಂದರೂ ಬರಬಹುದು. ನಾವಿಕರ ಕೂಲಿ ವಿಷಯದಲ್ಲಿ ಎರಡೂ ದೇಶಗಳು 2023ರಲ್ಲಿ ಕನಿಷ್ಠ ಕೂಲಿಯ ಕಾನೂನು ತಂದಿವೆ.

ಇಕ್ಕಟ್ಟು ಮಾತ್ರ ಸಡಿಲವಾಗುತ್ತಿಲ್ಲ, ಇನ್ನೂ ಬಿಗಿಯಾಗುತ್ತಿದೆ. ಡೋವರ್‌ನಲ್ಲಿ ಹಡಗು ಹತ್ತುವ ಮುಂಚೆಯೇ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ, ಕ್ಯಾಲೆಯಲ್ಲಿ ಬ್ರಿಟಿಷರು ನೋಡುತ್ತಾರೆ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದ ಯುರೋಪಿನ ಹೊಸ ಪ್ರವೇಶ ವ್ಯವಸ್ಥೆಯಲ್ಲಿ ಹೊರದೇಶದವರ ಬೆರಳಚ್ಚು ಮತ್ತು ಫೋಟೊ ದಾಖಲಾಗಬೇಕು. ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಹೆಚ್ಚಾದರೂ ಹಡಗು ತುಂಬುವ ವೇಗ ತಗ್ಗುತ್ತದೆ. ತಡೆಯ ನಂತರ ಸಾಲು ಕರಗಿಸಲು ಬೇಕಾಗುವ ಆ ನೂರಕ್ಕೆ ಹತ್ತರ ಹೆಚ್ಚುವರಿ ಶಕ್ತಿಗೇ ಮೊದಲು ಪೆಟ್ಟು ಬೀಳುತ್ತದೆ.

ಸಿಕ್ಕಿಬಿದ್ದರೆ ಟಿಕೆಟಿನವರಿಗೆ ಏನು ಹಕ್ಕು

ಲಂಡನ್–ಪ್ಯಾರಿಸ್ ಪ್ರವಾಸ ಹೊರಡುವ ಕನ್ನಡಿಗರಿಗೂ, ಬ್ರಿಟನ್ನಿನಲ್ಲಿ ನೆಲೆಸಿ ಕಾರಿನಲ್ಲಿ ಯುರೋಪ್ ಸುತ್ತುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಯುರೋಪಿನ ಹಡಗು ಪ್ರಯಾಣಿಕರ ನಿಯಮ 2010ರದ್ದು. ಬ್ರಿಟನ್ ಕೂಡ ಅದನ್ನು ಬಹುತೇಕ ಉಳಿಸಿಕೊಂಡಿದೆ. ಹಡಗು ರದ್ದಾದರೆ ಅಥವಾ ಹೊರಡುವುದು 90 ನಿಮಿಷಕ್ಕಿಂತ ತಡವಾದರೆ ಬೇರೆ ಹಡಗು, ಇಲ್ಲವೇ ಹಣ ವಾಪಸ್ ಎರಡರಲ್ಲಿ ಒಂದನ್ನು ನೀವು ಆರಿಸಬಹುದು. ಊಟ ತಿಂಡಿ ಕೊಡಬೇಕು. ರಾತ್ರಿ ಉಳಿಯಬೇಕಾಗಿ ಬಂದರೆ ವಸತಿಯೂ ಅವರದೇ. ಗರಿಷ್ಠ ಮೂರು ರಾತ್ರಿ, ಯುರೋಪಿನ ನಿಯಮದಲ್ಲಿ ರಾತ್ರಿಗೆ 80 ಯೂರೋವರೆಗೆ ಮಿತಿ ಹಾಕಬಹುದು.

ಇದರ ಮೇಲೆ ಟಿಕೆಟ್ ದರದ ಕಾಲು ಭಾಗ ಅಥವಾ ಅರ್ಧ ಪರಿಹಾರ ಎಂಬ ಇನ್ನೊಂದು ಹಕ್ಕಿದೆ. ತಡೆಯ ದಿನ ಅದು ಸಿಗುವುದು ಕಷ್ಟ. ಕಂಪನಿಯ ಕೈಮೀರಿದ ಅಸಾಧಾರಣ ಸಂದರ್ಭ ಎಂದು ಅವರು ತಪ್ಪಿಸಿಕೊಳ್ಳಬಹುದು. ಕಾರ್ಮಿಕರ ಜಗಳವನ್ನೂ ಆ ನಿಯಮದ ಪೀಠಿಕೆ ಅದೇ ಪಟ್ಟಿಗೆ ಸೇರಿಸಿದೆ. ಆದರೆ ವಸತಿ ಕೊಡದಿರಲು ಈ ನೆಪ ನಡೆಯುವುದಿಲ್ಲ. ಅಲ್ಲಿ ವಿನಾಯಿತಿ ಇರುವುದು ಹಡಗಿನ ಸುರಕ್ಷತೆಗೆ ಧಕ್ಕೆ ತರುವ ಹವಾಮಾನಕ್ಕೆ ಮಾತ್ರ. ಕೌಂಟರಿನಲ್ಲಿ ‘ಇವತ್ತು ಪ್ರತಿಭಟನೆ, ನಮ್ಮ ತಪ್ಪಲ್ಲ’ ಎಂದರೆ ಪರಿಹಾರದ ಮಾತು ಬಿಟ್ಟು ರೂಮಿನ ಮಾತು ಕೇಳಿ.

ಒಂದು ಬಿರುಕು ಇಲ್ಲಿದೆ. ಹಡಗು ಸಮಯಕ್ಕೆ ಸರಿಯಾಗಿ ಹೊರಟು, ಹೆದ್ದಾರಿ ತಡೆಯಲ್ಲಿ ಸಿಕ್ಕಿ ನೀವು ಬಂದರು ತಲುಪದಿದ್ದರೆ ಈ ಹಕ್ಕುಗಳು ಅನ್ವಯಿಸುವುದಿಲ್ಲ. ಮುಂದಿನ ಹಡಗಿಗೆ ಹತ್ತಿಸಿಕೊಳ್ಳುವುದು ಕಂಪನಿಯ ಮರ್ಜಿ. ಪ್ರಯಾಣ ವಿಮೆ ನೆರವಿಗೆ ಬರಬಹುದು, ಆದರೆ ಮುಷ್ಕರದ ಸುದ್ದಿ ಹೊರಬಿದ್ದ ಮೇಲೆ ಕೊಂಡ ವಿಮೆಗೆ ಸಾಮಾನ್ಯವಾಗಿ ಬೆಲೆ ಇರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೊಂದು ಚಿಂತೆ ಷೆಂಗೆನ್ ವೀಸಾದ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ) ಕೊನೆಯ ದಿನಾಂಕ. ಕೈಮೀರಿದ ಕಾರಣದಿಂದ ಹೊರಡಲಾಗಲಿಲ್ಲ ಎಂದು ತೋರಿಸಿದರೆ ವೀಸಾ ವಿಸ್ತರಿಸಬೇಕು, ಅದಕ್ಕೆ ಶುಲ್ಕ ಇಲ್ಲ ಎಂದು ಷೆಂಗೆನ್ ವೀಸಾ ನಿಯಮದ 33ನೇ ವಿಧಿ ಹೇಳುತ್ತದೆ. ಅವಧಿ ಮುಗಿಯುವ ಮುಂಚೆಯೇ ಅಲ್ಲಿನ ಅಧಿಕಾರಿಗಳ ಹತ್ತಿರ ಹೋಗಿ ಕೇಳಬೇಕು. ಹಡಗು ರದ್ದಾದ ಸಂದೇಶವನ್ನು ಫೋನಿನಿಂದ ಅಳಿಸಬೇಡಿ, ಅಲ್ಲಿ ತೋರಿಸಬೇಕಾದ ಸಾಕ್ಷಿ ಅದೇ.